ಖರಾಬು ನೆಲದ ಕೆಂಪು ಹಕ್ಕಿ

ಪಹಣಿಯನ್ನು ಓದಬಲ್ಲವರಿಗೆ ‘ಖರಾಬು’ ಎಂಬ ಮಾತು ಹೊಸದಲ್ಲ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣದಲ್ಲಿ ಬಂಡೆ, ಹಳ್ಳ, ದಾರಿ, ಕುರುಚಲು ಬೆಳೆದ ದಿಣ್ಣೆ ಮೊದಲಾದ, ಸಾಗುವಳಿಗೆ ಒದಗದ ಭಾಗವನ್ನು ಕಳೆದು ಬರೆಯುವಾಗ ಬಳಸುವ ಶಬ್ದ ಅದು. ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಖಚಿತವಾದ ಅರ್ಥವಿದೆ. ಆ ಅರ್ಥದ ಮೇಲೆ ಯಾರಿಗೂ ದೂರಿಲ್ಲ. ಆದರೆ ಮಾತುಗಳು ಪುಸ್ತಕದೊಳಗೆ ಸುಮ್ಮನೆ ಕುಳಿತಿರುವುದಿಲ್ಲ. ಕಂದಾಯ ಕೊಡದ ನೆಲವು ಕಾಲಕ್ರಮದಲ್ಲಿ ಕೆಲಸಕ್ಕೆ ಬಾರದ ನೆಲವಾಗುತ್ತದೆ. ಕೆಲಸಕ್ಕೆ ಬಾರದ ನೆಲವು ಯಾರು ಏನು ಮಾಡಿದರೂ ನಷ್ಟವಿಲ್ಲದ ನೆಲವಾಗುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಬೆಳೆದ ನಾವು, ಊರಿನ ಸುತ್ತ ಕಾಣುವ ಕಲ್ಲುಗುಡ್ಡಗಳನ್ನೂ ಕುರುಚಲು ಇಳಿಜಾರುಗಳನ್ನೂ ಹೀಗೆಯೇ ನೋಡಲು ಕಲಿತಿದ್ದೇವೆ. ಈ ನೋಟ ತಪ್ಪೆಂದು ವಾದಿಸುವುದು ಈ ಲೇಖನದ ಉದ್ದೇಶ. ನನ್ನ ಪರವಾಗಿ ಸಾಕ್ಷಿ ಹೇಳಲು ಸುಮಾರು ಇಪ್ಪತ್ತನಾಲ್ಕು ಗ್ರಾಂ ತೂಕದ ಒಂದು ಹಕ್ಕಿಯನ್ನು ಕರೆತಂದಿದ್ದೇನೆ.

ನಾನು ಪ್ರಾಣಿಶಾಸ್ತ್ರಜ್ಞನಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವವನು. ಈ ಹಕ್ಕಿಯ ಪರಿಚಯ ನನಗಾದದ್ದೂ ಒಬ್ಬ ವಿದ್ಯಾರ್ಥಿಯಿಂದ. ಕೆಲವು ವರ್ಷಗಳ ಹಿಂದೆ ಜನವರಿ ತಿಂಗಳ ಒಂದು ಮುಂಜಾನೆ ಮಧುಗಿರಿ ಬೆಟ್ಟದ ಬುಡದಲ್ಲಿ ನಡೆಯುತ್ತಿದ್ದಾಗ, ಪಾವಗಡದ ಕಡೆಯಿಂದ ಬಂದ ಆ ಹುಡುಗ ಬೇಲಿಯ ಪೊದೆಯೊಂದನ್ನು ತೋರಿಸಿ, “ಸಾರ್, ಆ ಗುಬ್ಬಿಯ ಮೇಲೆ ಯಾರೋ ಕುಂಕುಮ ಎರಚಿದ ಹಾಗಿದೆ” ಎಂದ. ನಾನು ನೋಡದೆಯೇ ನಕ್ಕೆ. ಬೆಳಗಿನ ಓರೆಬಿಸಿಲಿನಲ್ಲಿ ಬಣ್ಣಗಳು ಹಾಗೆ ಮೋಸಮಾಡುತ್ತವೆಂದು ಎರಡು ಮಾತಿನ ಉಪನ್ಯಾಸವನ್ನೂ ಕೊಟ್ಟೆ. ಅವನು ಒಪ್ಪಲಿಲ್ಲ. ದುರ್ಬೀನನ್ನು ನನ್ನ ಕೈಗಿತ್ತು ಸುಮ್ಮನೆ ನಿಂತ. ನೋಡಿದೆ, ಅವನು ಹೇಳಿದ್ದೇ ಸರಿಯಾಗಿತ್ತು. ಬೋಧಕನಾದವನಿಗೆ ಇಂಥ ಪಾಠ ಆಗಾಗ ಆಗುತ್ತಿರುವುದು ಒಳ್ಳೆಯದು.

ಆ ಹಕ್ಕಿಯನ್ನು ಆಂಗ್ಲಭಾಷೆಯಲ್ಲಿ ರೋಸ್‌ಫಿಂಚ್ ಎನ್ನುತ್ತಾರೆ; ಉತ್ತರ ಭಾರತದಲ್ಲಿ ಅದರ ಹೆಸರು ತೂತಿ. ಈ ಬರಹದ ಮಟ್ಟಿಗೆ ನಾವು ಅದನ್ನು ‘ಗುಲಾಬಿ ಚಟಕ’ವೆಂದು ಕರೆಯೋಣ. ಗಾತ್ರದಲ್ಲಿ ಅದು ಮನೆಯ ಗುಬ್ಬಚ್ಚಿಯಷ್ಟೇ. ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 15 ಸೆಂಟಿಮೀಟರು. ಬಲಿತ ಗಂಡಿನ ತಲೆ, ಗಂಟಲು, ಎದೆ ಮತ್ತು ಬಾಲದ ಬುಡದ ಮೇಲ್ಭಾಗ ಕೆಂಪು, ಹೊಟ್ಟೆ ಬಿಳಿ, ಬೆನ್ನು ಮತ್ತು ರೆಕ್ಕೆಗಳು ಕೆಂಪು ಛಾಯೆಯ ಕಂದು. ಹೆಣ್ಣಿಗೆ ಈ ಕೆಂಪಿನ ಲೇಶವೂ ಇಲ್ಲ. ಅದರ ಮೈ ಹಸುರು ಬೆರೆತ ಕಂದು. ಎದೆಯ ಮೇಲೆ ಮಸುಕಾದ ಗೆರೆಗಳು. ರೆಕ್ಕೆಯ ಮೇಲೆ ಎರಡು ತಿಳಿಯಾದ ಪಟ್ಟೆಗಳು. ಇಡೀ ಮುಖದಲ್ಲಿ ಎದ್ದುಕಾಣುವುದು ಕರಿಮಣಿಯಂಥ ಕಣ್ಣೊಂದೇ. ಎಳೆಯ ಗಂಡು ಮೊದಲ ವರ್ಷವೆಲ್ಲ ಹೆಣ್ಣಿನ ಉಡುಪಿನಲ್ಲಿಯೇ ಇರುತ್ತದೆ. ಆ ಕಂದು ಉಡುಪಿನಲ್ಲಿಯೇ ಹಾಡುವುದೂ ಉಂಟು, ಸಂಸಾರ ಹೂಡುವುದೂ ಉಂಟು. ಆದುದರಿಂದ ನೀವು ಒಂದು ಗುಂಪನ್ನು ಕಂಡರೆ ಕೆಂಪು ಹಕ್ಕಿಗಳು ಕಡಿಮೆ, ಕಂದು ಹಕ್ಕಿಗಳು ಹೆಚ್ಚು ಎಂಬುದನ್ನು ಗಮನಿಸುವಿರಿ. ಕಂದು ಹಕ್ಕಿಗಳೆಲ್ಲ ಹೆಣ್ಣುಗಳೆಂದು ತೀರ್ಮಾನಿಸಿದರೆ ಲೆಕ್ಕ ತಪ್ಪುತ್ತದೆ.

ದಪ್ಪನಾದ, ಗಿಡ್ಡನಾದ, ಶಂಕುವಿನಾಕಾರದ ಕೊಕ್ಕನ್ನು ನೋಡಿ ನಾವು ಈ ಹಕ್ಕಿಯನ್ನು ಗುಬ್ಬಚ್ಚಿ, ರಾಟವಾಳ, ಗೀಜಗಗಳ ಪಕ್ಕದಲ್ಲಿ ಕೂರಿಸಿಬಿಡುತ್ತೇವೆ. ಕಾಳನ್ನು ಒಡೆಯಬೇಕಾದ ಕೊಕ್ಕು ಹಾಗಿರಲೇಬೇಕು. ಇಕ್ಕಳದ ತತ್ತ್ವ ನಿಮಗೆ ಗೊತ್ತಿದೆ: ಒಡೆಯಬೇಕಾದ ವಸ್ತು ತಿರುಗಣೆಗೆ ಹತ್ತಿರವಾದಷ್ಟೂ ಹಿಡಿತದ ಬಲ ಹೆಚ್ಚು. ಗಿಡ್ಡ ಕೊಕ್ಕಿನ ಬುಡದಲ್ಲಿ ಸಿಕ್ಕಿದ ಬೀಜಕ್ಕೆ ಆಗುವುದೂ ಇದೇ. ಒಂದೇ ಬಗೆಯ ಕೆಲಸ ಬೇರೆ ಬೇರೆ ವಂಶಗಳಲ್ಲಿ ಒಂದೇ ಬಗೆಯ ಉಪಕರಣವನ್ನು ರೂಪಿಸುತ್ತದೆ. ಗುಬ್ಬಚ್ಚಿ, ರಾಟವಾಳ, ಗೀಜಗ ಇವು ಮೂರೂ ಫಿಂಚ್ ಕುಟುಂಬಕ್ಕೆ ಸೇರಿದವಲ್ಲ. ಡಾರ್ವಿನ್ನನ ಹೆಸರಿನೊಂದಿಗೆ ಪ್ರಸಿದ್ಧವಾದ ಗಲಾಪಗೋಸ್ ದ್ವೀಪಗಳ ‘ಫಿಂಚ್’ಗಳು ಕೂಡ ನಿಜವಾದ ಫಿಂಚ್‌ಗಳಲ್ಲವೆಂದು, ಅವು ದಕ್ಷಿಣ ಅಮೆರಿಕದ ಟ್ಯಾನೇಜರ್ ಹಕ್ಕಿಗಳ ಬಂಧುಗಳೆಂದು ಈಗ ತಿಳಿದಿದೆ. ದಕ್ಷಿಣದ ನಮ್ಮ ಬಯಲುಸೀಮೆಗೆ ಕ್ರಮವಾಗಿ ಬಂದುಹೋಗುವ ನಿಜವಾದ ಫಿಂಚ್ ಎಂದರೆ ಈ ಗುಲಾಬಿ ಚಟಕವೊಂದೇ ಎನ್ನಬಹುದು.

‘ಬಂದುಹೋಗುವ’ ಎಂದೆನಷ್ಟೆ. ಇದು ನಮ್ಮ ಊರಿನಲ್ಲಿ ಹುಟ್ಟಿದ ಹಕ್ಕಿಯಲ್ಲ. 1770ರಲ್ಲಿ ಇದನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದ ಪಲ್ಲಾಸ್ ಎಂಬ ವಿದ್ವಾಂಸನಿಗೆ ಇದು ಸಿಕ್ಕಿದ್ದು ರಷ್ಯಾದ ವೋಲ್ಗಾ ನದಿಯ ಸೀಮೆಯಲ್ಲಿ. ಫಿನ್ಲೆಂಡಿನಿಂದ ಸೈಬೀರಿಯದವರೆಗೆ, ಮಧ್ಯ ಏಷ್ಯದ ಬೆಟ್ಟಗಳಿಂದ ಹಿಮಾಲಯದವರೆಗೆ ಇದರ ತವರು ಹಬ್ಬಿದೆ. ಅಲ್ಲಿನ ಬೇಸಿಗೆಯಲ್ಲಿ ತಗ್ಗಾದ ಪೊದೆಯೊಳಗೆ ಹುಲ್ಲು, ಬೇರುಗಳ ಬಟ್ಟಲುಗೂಡು ಕಟ್ಟಿ, ಕಪ್ಪು ಚುಕ್ಕೆಗಳುಳ್ಳ ನೀಲಿ ಬಣ್ಣದ ನಾಲ್ಕೈದು ಮೊಟ್ಟೆಗಳನ್ನಿಡುತ್ತದೆ. ಕಾವು ಕೊಡುವುದು ಹೆಣ್ಣೊಂದೇ; ಹನ್ನೆರಡು ದಿನಗಳಷ್ಟರಲ್ಲಿ ಮರಿಗಳು ಹೊರಬರುತ್ತವೆ. ಹಿಮ ಬೀಳುವ ಮುನ್ನ ಹಕ್ಕಿಗಳು ಹೊರಡುತ್ತವೆ. ಇಲ್ಲಿಯೊಂದು ವಿಚಿತ್ರವನ್ನು ಗಮನಿಸಿ: ಯೂರೋಪಿನ ಬಹುಪಾಲು ಸಣ್ಣ ವಲಸೆಹಕ್ಕಿಗಳು ಚಳಿಗಾಲಕ್ಕೆ ಆಫ್ರಿಕದತ್ತ ಹೋದರೆ, ಗುಲಾಬಿ ಚಟಕವು ಫಿನ್ಲೆಂಡಿನಿಂದಲೂ ಪೂರ್ವಕ್ಕೆ ತಿರುಗಿ ಭಾರತದ ಕಡೆಗೇ ಬರುತ್ತದೆ. ಅದರ ವಂಶ ಪೂರ್ವದಿಂದ ಪಶ್ಚಿಮಕ್ಕೆ ಹರಡಿದ ದಾರಿಯನ್ನೇ ಅದು ಹಿಂದಿರುಗಿ ಹಿಡಿಯುತ್ತದೆ. ನಮ್ಮ ಕಡೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಇದರ ವಾಸ.

ಇಷ್ಟು ದೂರದ ಪಯಣಕ್ಕೆ ಇಂಧನವೆಲ್ಲಿಯದು? ಒಂದು ಚಿಕ್ಕ ಲೆಕ್ಕ ಮಾಡೋಣ. 24 ಗ್ರಾಂ ತೂಕದ ಹಕ್ಕಿಯನ್ನು 4000 ಮೀಟರು ಎತ್ತರಕ್ಕೆ ಏರಿಸಲು, ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 940 ಜೂಲ್. ಒಂದು ಗ್ರಾಂ ಕೊಬ್ಬಿನಲ್ಲಿ ಅಡಗಿರುವ ಶಕ್ತಿ ಸುಮಾರು 38,000 ಜೂಲ್. ಸ್ನಾಯುಗಳ ದಕ್ಷತೆಯನ್ನು ಐದರಲ್ಲೊಂದು ಪಾಲೆಂದು ಹಿಡಿದರೂ, ಹಿಮಾಲಯದ ಎತ್ತರಕ್ಕೆ ಏರಲು ಗ್ರಾಮಿನ ಎಂಟನೆಯ ಒಂದು ಭಾಗದಷ್ಟು ಕೊಬ್ಬು ಸಾಕು. ದುಬಾರಿಯಾದುದು ಏರುವುದಲ್ಲ, ಗಂಟೆಗಟ್ಟಲೆ ಗಾಳಿಯನ್ನು ಕೆಳಕ್ಕೂ ಹಿಂದಕ್ಕೂ ತಳ್ಳುತ್ತ ತೇಲುತ್ತಿರುವುದು. ಆ ವೆಚ್ಚಕ್ಕಾಗಿ ಹಕ್ಕಿಯು ಹೊರಡುವ ಮುನ್ನ ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳಬೇಕು. ವಸಂತದ ಪಯಣದ ಮೊದಲ ಹಂತಕ್ಕೆ ಬೇಕಾದ ಬುತ್ತಿಯನ್ನು ಅದು ಕಟ್ಟಿಕೊಳ್ಳುವುದು ಎಲ್ಲಿ? ಚಳಿಗಾಲ ಕಳೆದ ನೆಲದಲ್ಲಿಯೇ. ಎಂದರೆ ಇಲ್ಲಿಯ ನೆಲವೂ ಆ ಬುತ್ತಿ ಕಟ್ಟಿಕೊಡುವ ಮನೆಗಳಲ್ಲಿ ಒಂದು.

ಇಲ್ಲಿ ಅದರ ದಿನಚರಿ ಸರಳ. ಹತ್ತಿಪ್ಪತ್ತು ಹಕ್ಕಿಗಳು ಗುಂಪುಗೂಡಿ ಇಳಿಜಾರಿನ ಪೊದೆಗಳಲ್ಲಿ ಮೇಯುತ್ತವೆ. ಕಾಳು, ಮೊಗ್ಗು, ಪೊದೆಗಳ ಸಣ್ಣ ಹಣ್ಣು, ಹೂವಿನ ಮಕರಂದ ಎಲ್ಲವೂ ಆಗುತ್ತವೆ. ಬಿದಿರು ಕಟ್ಟೆಯೊಡೆದ ಕಡೆ ಇದು ಹಿಂಡುಗೂಡುವುದನ್ನು ಹಕ್ಕಿಶಾಸ್ತ್ರಜ್ಞರು ಬರೆದಿದ್ದಾರೆ. ಮುತ್ತುಗದ ಹೂವಿಗೆ ಮುಖವಿಟ್ಟು ಮಕರಂದ ಹೀರುವಾಗ ಹಣೆಗೆಲ್ಲ ಪರಾಗ ಮೆತ್ತಿಕೊಂಡು ಮತ್ತೊಂದು ಮರಕ್ಕೆ ಹಾರುತ್ತದೆ. ಒಮ್ಮೊಮ್ಮೆ ಮಾಗಿದ ಜೋಳದ ತೆನೆಯ ಮೇಲೂ ಇಳಿಯುತ್ತದೆ. ಆ ಅಪರಾಧವನ್ನು ಮುಚ್ಚಿಡಬೇಕಾಗಿಲ್ಲ. ಬೆದರಿದರೆ ಇಡೀ ಗುಂಪು ಎದ್ದು ಹತ್ತಿರದ ಮರದ ತುದಿಗೇರಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಒಂದೊಂದಾಗಿ ಪೊದೆಗೆ ಇಳಿಯುತ್ತದೆ. ಅದರ ಕೂಗು ಕೊನೆಯಲ್ಲಿ ಮೇಲಕ್ಕೇರುವ ಒಂದು ಮೃದುವಾದ ಸಿಳ್ಳು; ಯಾರೋ ಪ್ರಶ್ನೆ ಕೇಳಿದಂತೆ ಕೇಳಿಸುತ್ತದೆ.

ಈಗ ನನ್ನ ಶಾಸ್ತ್ರಕ್ಕೆ ಬರುತ್ತೇನೆ. ಆ ಕೆಂಪು ಎಲ್ಲಿಂದ ಬಂತು? ಹಕ್ಕಿಗಳ ಬಣ್ಣ ಎರಡು ಬಗೆಯಲ್ಲಿ ಹುಟ್ಟುತ್ತದೆ. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವನ್ನು ತೆಗೆದುಕೊಳ್ಳಿ. ಅದರ ಗರಿಯಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಗರಿಯೊಳಗಿನ ಅತಿಸೂಕ್ಷ್ಮವಾದ ಗಾಳಿಗುಳ್ಳೆಗಳ ರಚನೆ ಬೆಳಕಿನಲ್ಲಿ ನೀಲಿಯನ್ನೇ ಆಯ್ದು ಹಿಂದಿರುಗಿಸುತ್ತದೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ ಈ ಹಕ್ಕಿಯ ಗರಿಗಳನ್ನೇ ಪರೀಕ್ಷಿಸಿ, ಹಕ್ಕಿಗಳ ಬಣ್ಣದ ಮೂಲವನ್ನು ಕುರಿತು 1934ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಇಂಥ ಗರಿಯನ್ನು ಕುಟ್ಟಿ ಪುಡಿಮಾಡಿದರೆ ರಚನೆ ಕೆಡುತ್ತದೆ, ನೀಲಿಯೂ ಹೋಗುತ್ತದೆ. ಗುಲಾಬಿ ಚಟಕದ ಕೆಂಪು ಹಾಗಲ್ಲ. ಅದು ನಿಜವಾದ ವರ್ಣದ್ರವ್ಯ. ಗರಿಯನ್ನು ಪುಡಿಮಾಡಿದರೂ ಪುಡಿ ಕೆಂಪಾಗಿಯೇ ಉಳಿಯುತ್ತದೆ. ಕ್ಯಾರೊಟಿನಾಯ್ಡ್ ಎಂಬ ಈ ದ್ರವ್ಯಗಳು ನೇರಳೆ, ನೀಲಿ, ಹಸುರು ಬೆಳಕನ್ನು ಹೀರಿಕೊಂಡು ಉಳಿದ ಕೆಂಪನ್ನು ನಮ್ಮ ಕಣ್ಣಿಗೆ ಕಳುಹಿಸುತ್ತವೆ.

ಕ್ಯಾರೊಟಿನಾಯ್ಡನ್ನು ಯಾವ ಹಕ್ಕಿಯೂ ತಾನೇ ಮೂಲದಿಂದ ತಯಾರಿಸಲಾರದು, ಸಸ್ಯಗಳಿಂದ ಪಡೆಯಬೇಕು. ಕಾಳು ಹಣ್ಣುಗಳಲ್ಲಿ ಅದಕ್ಕೆ ದೊರೆಯುವುದು ಬಹುಮಟ್ಟಿಗೆ ಹಳದಿ ದ್ರವ್ಯ. ಹಕ್ಕಿಯ ದೇಹದಲ್ಲಿರುವ ಒಂದು ಕಿಣ್ವವು ಈ ಹಳದಿ ಅಣುವಿಗೆ ಆಮ್ಲಜನಕವನ್ನು ಸೇರಿಸಿ ಅದನ್ನು ಕೆಂಪಾಗಿ ಮಾರ್ಪಡಿಸುತ್ತದೆ. ವೀಣೆಯ ತಂತಿ ಉದ್ದವಾದಷ್ಟೂ ಸ್ವರ ತಗ್ಗುವುದಷ್ಟೆ? ಅಂತೆಯೇ ಅಣುವಿನಲ್ಲಿ ಇಲೆಕ್ಟ್ರಾನುಗಳು ಓಡಾಡುವ ಸರಣಿ ಉದ್ದವಾದಾಗ, ಅದು ಹೀರುವ ಬೆಳಕಿನ ತರಂಗದೂರವೂ ಹೆಚ್ಚಾಗುತ್ತದೆ. ಹಳದಿಯಾಗಿ ಕಾಣುತ್ತಿದ್ದುದು ಕೆಂಪಾಗಿ ಕಾಣುತ್ತದೆ. ಈ ಕಿಣ್ವಕ್ಕೆ ಕಾರಣವಾದ ಜೀನನ್ನು 2016ರಲ್ಲಿ ಎರಡು ಸಂಶೋಧಕ ತಂಡಗಳು, ಒಂದು ಕೆಂಪು ಕೆನರಿ ಹಕ್ಕಿಯಲ್ಲಿ, ಇನ್ನೊಂದು ಜೀಬ್ರಾ ಫಿಂಚ್‌ನಲ್ಲಿ, ಗುರುತಿಸಿದವು. ಯಂತ್ರ ಹಕ್ಕಿಯದು, ಕಚ್ಚಾವಸ್ತು ನೆಲದ್ದು. ಈ ಕಚ್ಚಾವಸ್ತು ದೊರೆಯದ ಪಂಜರದಲ್ಲಿ ಕೆಂಪು ಹಕ್ಕಿಯನ್ನು ಇಟ್ಟರೆ, ಮುಂದಿನ ಗರಿಗಳು ಹುಟ್ಟುವಾಗ ಅದರ ಕೆಂಪು ಮಾಸಿ ಹಳದಿಯಾಗುವುದನ್ನು ಹಕ್ಕಿ ಸಾಕುವವರು ಬಹುಕಾಲದಿಂದ ಬಲ್ಲರು.

ಇಲ್ಲಿಯವರೆಗೆ ಹೇಳಿದುದನ್ನೆಲ್ಲ ಒಂದು ಗಂಟಿಗೆ ತರುವ ಸಂಗತಿ ಈಗ ಬರುತ್ತದೆ. ಗರಿ ಸತ್ತ ವಸ್ತು; ಅದು ಬೆಳೆಯುವ ಕೆಲವೇ ದಿನಗಳಲ್ಲಿ ರಕ್ತದಿಂದ ಎಷ್ಟು ಬಣ್ಣವನ್ನು ಹೀರಿಕೊಂಡಿತೋ ಅಷ್ಟೇ ಅದರ ಪಾಲಿಗೆ ಬಂದದ್ದು. ಬಹುಪಾಲು ಫಿಂಚ್‌ಗಳು ಮರಿಮಾಡಿದ ನೆಲೆಯಲ್ಲಿಯೇ ಹಳೆಯ ಗರಿಗಳನ್ನು ಉದುರಿಸಿ ಹೊಸದನ್ನು ತೊಟ್ಟು ಪಯಣ ಹೊರಡುತ್ತವೆ. ಗುಲಾಬಿ ಚಟಕದ ಕ್ರಮ ಬೇರೆ. ಅದು ಹಳೆಯ, ಸವೆದ ಗರಿಗಳಲ್ಲಿಯೇ ಹೊರಟು, ಚಳಿಗಾಲದ ನಾಡನ್ನು ಸೇರಿದ ಮೇಲೆ ಮೈಯ ಗರಿಗಳನ್ನೆಲ್ಲ ಬದಲಾಯಿಸುತ್ತದೆ. ಆಗ ಹೊಸ ಗರಿಯ ಅಂಚು ಮಸುಕಾಗಿರುತ್ತದೆ. ತಿಂಗಳುಗಳು ಕಳೆದಂತೆ ಅಂಚು ಸವೆದು ಒಳಗಿನ ಕೆಂಪು ಹೊಳೆಯತೊಡಗುತ್ತದೆ. ಮೇ ತಿಂಗಳಿನಲ್ಲಿ ವೋಲ್ಗಾ ತೀರದ ಪೊದೆಯ ಮೇಲೆ ಕುಳಿತು ಸಂಗಾತಿಗಾಗಿ ಹಾಡುವ ಗಂಡಿನ ಎದೆಯ ಮೇಲಿರುವ ಕೆಂಪು, ರಷ್ಯಾದ ನೆಲದಲ್ಲಿ ತಯಾರಾದುದಲ್ಲ; ಭಾರತದ ಚಳಿಗಾಲದಲ್ಲಿ ತಿಂದ ಕಾಳಿನಿಂದ, ಹಣ್ಣಿನಿಂದ, ಮೊಗ್ಗಿನಿಂದ ತಯಾರಾದುದು. ಆ ಕೆಂಪಷ್ಟೂ ನಮ್ಮ ನಾಲ್ಕು ತಾಲ್ಲೂಕುಗಳದೆಂದು ನಾನು ಹೇಳುತ್ತಿಲ್ಲ. ದೇಶದ ಉದ್ದಕ್ಕೂ ಇಂಥ ಸಾವಿರಾರು ಗುಡ್ಡಗಳಿವೆ. ಆದರೆ ಅವುಗಳಲ್ಲಿ ಬಹುಪಾಲು ನೆಲಕ್ಕೆ ನಾವು ಕೊಟ್ಟಿರುವ ಹೆಸರು ಒಂದೇ: ಬಂಜರು.

ಈ ಹೆಸರಿನ ಬಲವನ್ನು ಕಡಿಮೆಯೆಂದು ತಿಳಿಯಬೇಡಿ. ಕೇಂದ್ರ ಸರ್ಕಾರವು 2000ದಿಂದೀಚೆಗೆ ಉಪಗ್ರಹಗಳ ಚಿತ್ರಗಳಿಂದ ಸಿದ್ಧಪಡಿಸಿ ಪ್ರಕಟಿಸುತ್ತ ಬಂದಿರುವ ದೇಶದ ಬಂಜರುಭೂಮಿಗಳ ನಕ್ಷಾಸಂಪುಟದಲ್ಲಿ, ದಟ್ಟವಾದ ಕುರುಚಲು ನೆಲವೂ ವಿರಳವಾದ ಕುರುಚಲು ನೆಲವೂ ಬಂಜರಿನ ವರ್ಗಗಳಾಗಿಯೇ ಸೇರಿವೆ. ಕಮರ, ಜಾಲಿ, ತಂಗಡಿ, ಬಂದರಿಕೆ, ಎಲಚಿ, ಕವಳೆ ಬೆಳೆದ ಇಳಿಜಾರು ಉಪಗ್ರಹದ ಕಣ್ಣಿಗೆ ಕಾಡಾಗಿ ಕಾಣಲಿಲ್ಲ, ಹೊಲವಾಗಿಯೂ ಕಾಣಲಿಲ್ಲ, ಆದುದರಿಂದ ಅದು ವ್ಯರ್ಥವಾದ ನೆಲವೆಂದಾಯಿತು. ತಪ್ಪು ಉಪಗ್ರಹದ್ದಲ್ಲ. ಉಪಕರಣವು ಅಳೆದುದನ್ನು ಹೇಳುತ್ತದೆ; ಅದಕ್ಕೆ ಹೆಸರಿಡುವವರು ನಾವು.

ಹೆಸರು ತಪ್ಪಾಗಿತ್ತೆಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಗಳಿವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಒಣ ಕುರುಚಲು ಕಾಡಿನಲ್ಲಿ ಚಿಂಕಾರವೆಂಬ ನಾಜೂಕಾದ ಜಿಂಕೆಯಂಥ ಪ್ರಾಣಿ ಇರುವುದು ಕ್ಯಾಮೆರಾಗಳಲ್ಲಿ ದಾಖಲಾಯಿತು. 2019ರಲ್ಲಿ ಅದು ಚಿಂಕಾರದ ಹೆಸರಿನಲ್ಲಿಯೇ ವನ್ಯಜೀವಿಧಾಮವಾಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ ಹುಲ್ಲುಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರ ನಡುವಣ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಹುಣಸೆಯ ಫಸಲಿಗೆ ನಷ್ಟವಾದರೂ ಊರಿನವರು ಅವನ್ನು ಓಡಿಸದೆ ಕಾಪಾಡಿದ್ದಾರೆ. ಕೊಕ್ಕರೆ ದೊಡ್ಡದು, ಕೃಷ್ಣಮೃಗ ಚೆಲುವಾದುದು, ಚಿಂಕಾರ ಅಪರೂಪದ್ದು. ಅವು ಕಣ್ಣಿಗೆ ಬಿದ್ದುದರಿಂದ ಅವುಗಳ ನೆಲ ಉಳಿಯಿತು. ಪೊದೆಯೊಳಗಿನ ಗುಬ್ಬಿಗಾತ್ರದ ಹಕ್ಕಿಗಾಗಿ ಯಾರೂ ಧಾಮವನ್ನು ಘೋಷಿಸುವುದಿಲ್ಲ. ಅದು ಕಣ್ಣಿಗೆ ಬೀಳಬೇಕಾದರೆ ಯಾರಾದರೊಬ್ಬ ವಿದ್ಯಾರ್ಥಿ ಮೇಷ್ಟ್ರ ನಗುವಿಗೆ ಅಂಜದೆ ದುರ್ಬೀನನ್ನು ಮುಂದೆ ಚಾಚಬೇಕು.

ಇಷ್ಟೆಲ್ಲ ಬರೆಯುತ್ತಿರುವವನು ನಿರ್ದೋಷಿಯೆಂದು ಭಾವಿಸಬೇಡಿ. ಆ ಹಕ್ಕಿಯನ್ನು ಕಂಡ ವರ್ಷದ ಮಳೆಗಾಲದಲ್ಲಿಯೇ, ಊರ ಹೊರಗಿನ ಒಂದು ಇಳಿಜಾರಿನಲ್ಲಿ ಗಿಡ ನೆಡುವ ಕಾರ್ಯಕ್ರಮ ನಡೆಯಿತು. ವಿದ್ಯಾರ್ಥಿಗಳ ಮುಂದೆ ನಿಂತು ಕೆಲಸ ಮಾಡಿಸಿದವರಲ್ಲಿ ನಾನೂ ಒಬ್ಬ. ಗುಂಡಿ ತೋಡುವುದಕ್ಕೆ ಅಡ್ಡಿಯಾದ ಪೊದೆಗಳನ್ನೆಲ್ಲ ಎರಡು ದಿನ ಸವರಿ ರಾಶಿಹಾಕಿ ಸುಟ್ಟೆವು. ಸಾಲಾಗಿ ಸಸಿಗಳನ್ನು ನೆಟ್ಟು, ಭಾವಚಿತ್ರ ತೆಗೆಸಿಕೊಂಡು ಸಂತೋಷದಿಂದ ಹಿಂದಿರುಗಿದೆವು. ಬೇಸಿಗೆಗೆ ಮುನ್ನ ಸಸಿಗಳಲ್ಲಿ ಬಹುಪಾಲು ಒಣಗಿದವು. ಮುಂದಿನ ಜನವರಿಯಲ್ಲಿ ಅದೇ ಹುಡುಗ ಅದೇ ಇಳಿಜಾರಿಗೆ ಹೋಗಿ ಬಂದು, “ಸಾರ್, ಈ ಸಲ ಅಲ್ಲಿ ಒಂದೂ ಇಲ್ಲ” ಎಂದ. ಒಂದು ಇಳಿಜಾರಿನ ಒಂದು ವರ್ಷದ ನೋಟದಿಂದ ಯಾವ ನಿಯಮವನ್ನೂ ಸಾಧಿಸಲಾಗದೆಂದು ತರಗತಿಯಲ್ಲಿ ಕಲಿಸುವವನು ನಾನೇ. ಮಳೆ ಕಡಿಮೆಯಾಗಿದ್ದಿರಬಹುದು, ಗುಂಪು ಬೇರೆ ಗುಡ್ಡಕ್ಕೆ ಹೋಗಿರಬಹುದು. ಆದರೂ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಪೊದೆಗಳಿದ್ದ ನೆಲದಲ್ಲಿ ಏನೂ ಇಲ್ಲವೆಂದು ನಂಬಿ, ಅಲ್ಲಿ ಏನಾದರೂ ಇರಲೆಂದು ನಾವು ಗಿಡ ನೆಟ್ಟಿದ್ದೆವು.

ನನ್ನ ವಾದಕ್ಕೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು ವಿದ್ಯುತ್ತಿನದು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಗಳಲ್ಲಿ ಹಬ್ಬಿರುವ ಸೌರವಿದ್ಯುತ್ ಉದ್ಯಾನವು 2018ರಲ್ಲಿ ಉದ್ಘಾಟನೆಗೊಂಡು, ಮುಂದಿನ ವರ್ಷದ ಕೊನೆಗೆ 2050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿತು. ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದುದು ಅದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಗುತ್ತಿಗೆಹಣ, ಮಳೆ ನಂಬಿ ಸೋತ ಮನೆಗಳಿಗೆ ಕ್ರಮವಾಗಿ ಬರುವ ಆದಾಯವಾಯಿತು. ಸೌರಕೋಶದ ತತ್ತ್ವವನ್ನು ಪ್ರತಿವರ್ಷ ಉತ್ಸಾಹದಿಂದ ಬೋಧಿಸುವ ನಾನು ಅದನ್ನು ಜರೆಯಲಾರೆ. ಕಲ್ಲಿದ್ದಲಿನ ಹೊಗೆಗಿಂತ ಅದು ಎಷ್ಟೋ ಮೇಲು. ಆದರೆ ಲೆಕ್ಕವನ್ನು ಪೂರ್ಣವಾಗಿ ಬರೆಯಬೇಕು. ಒಂದು ಮೆಗಾವಾಟಿಗೆ ಆರು ಎಕರೆಗಿಂತ ಹೆಚ್ಚು ನೆಲ ಹೋಯಿತೆಂದು ಬರೆಯುವಾಗ, ಆ ಆರು ಎಕರೆಯಲ್ಲಿ ಮೊದಲು ಏನಿತ್ತೆಂಬುದಕ್ಕೂ ಒಂದು ಕಲಮು ಬೇಕು. ಕಟ್ಟಡಗಳ ಮಾಳಿಗೆಗಳು ಮೊದಲು ತುಂಬಲಿ. ನೆಲವೇ ಬೇಕಾದಲ್ಲಿ ನಡುನಡುವಿನ ಕಲ್ಲುದಿಣ್ಣೆಗಳೂ ಬೇಲಿಸಾಲುಗಳೂ ಹಾಗೆಯೇ ಉಳಿಯಲಿ. ಇದಕ್ಕೆ ವಿದ್ಯುತ್ತನ್ನು ಬಿಟ್ಟುಕೊಡಬೇಕಾಗಿಲ್ಲ. ನಕ್ಷೆ ಬರೆಯುವಾಗ ಒಂದು ದಿನ ಹೆಚ್ಚು ನಡೆದಾಡಿದರೆ ಸಾಕು.

ಎರಡನೆಯ ಆಕ್ಷೇಪ, ಗಿಡ ನೆಡುವುದು ತಪ್ಪೇ ಎಂಬುದು. ಎಂದಿಗೂ ಅಲ್ಲ. ರಸ್ತೆಯ ಬದಿಯಲ್ಲಿ, ಶಾಲೆಯ ಅಂಗಳದಲ್ಲಿ, ಕೆರೆಯ ಏರಿಯ ಕೆಳಗೆ, ಹೊಲದ ಬದುವಿನಲ್ಲಿ ಹೊಂಗೆ, ಬೇವು, ಹುಣಸೆಗಳನ್ನು ಬೇಕಾದಷ್ಟು ನೆಡೋಣ. ಆದರೆ ಪೊದೆಗಾಡನ್ನು ಸವರಿ ಅಲ್ಲಿ ಮರಗಳ ಸಾಲನ್ನು ನಿಲ್ಲಿಸುವುದು, ತುಂಬಿದ ಮನೆಯನ್ನು ಖಾಲಿ ಮಾಡಿಸಿ ಬಣ್ಣ ಹೊಡೆದಂತೆ. ಮೂರನೆಯ ಆಕ್ಷೇಪ ಚುರುಕಾದ ವಿದ್ಯಾರ್ಥಿಯದು: ಹಕ್ಕಿ ತಿನ್ನುವ ಹಣ್ಣುಗಳಲ್ಲಿ ಲಾಂಟಾನದ ಹಣ್ಣೂ ಇದೆಯಲ್ಲ, ಅದು ಅಮೆರಿಕದಿಂದ ಬಂದ ಕಳೆಯಲ್ಲವೆ? ನಿಜ. ಲಾಂಟಾನವನ್ನು ನಾನು ಸಮರ್ಥಿಸುತ್ತಿಲ್ಲ. ಅದನ್ನು ಕಿತ್ತರೆ ಆ ಜಾಗದಲ್ಲಿ ಕವಳೆ, ಎಲಚಿಗಳು ಮರಳಿ ಬರುವಷ್ಟು ಕಾಲ ಕೊಡಬೇಕು. ಒಂದೇ ವರ್ಷದಲ್ಲಿ ಗುಡ್ಡವನ್ನೆಲ್ಲ ಬೋಳುಮಾಡಬಾರದು ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ನಾವು ಮಾಡಬೇಕಾದುದೇನು? ಮೂರು ಸಲಹೆಗಳು. ಸರ್ಕಾರದ ನಕ್ಷೆಗಳಲ್ಲಿ ಕುರುಚಲು ಕಾಡಿಗೂ ಹುಲ್ಲುಬಯಲಿಗೂ ಅವುಗಳದೇ ಹೆಸರಿನ ವರ್ಗವಿರಲಿ. ‘ಬಂಜರು’ ಎಂಬ ಪಟ್ಟಿಯಿಂದ ಅವನ್ನು ಬಿಡಿಸಬೇಕು. ಗುಡ್ಡದ ಬುಡದಲ್ಲಿ ಕ್ವಾರಿ, ನೆಡುತೋಪು, ಕಟ್ಟಡ ಯಾವುದನ್ನೇ ಆರಂಭಿಸುವ ಮುನ್ನ, ಒಂದು ಮಳೆಗಾಲ ಮತ್ತು ಒಂದು ಚಳಿಗಾಲ ಅಲ್ಲಿ ಏನೇನಿದೆಯೆಂದು ನೋಡಿ ಬರೆಯುವ ಪದ್ಧತಿ ಬರಲಿ. ಬೇಸಿಗೆ ಬಂತೆಂದರೆ ಗುಡ್ಡಗಳಿಗೆ ಬೆಂಕಿಯಿಡುವ ಚಟವನ್ನು ಊರಿನವರೇ ತಡೆಯಬೇಕು. ಹಕ್ಕಿಗಳು ಪಯಣದ ಬುತ್ತಿ ಕಟ್ಟಿಕೊಳ್ಳುವ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿಯೇ ಆ ಬೆಂಕಿ ಹೆಚ್ಚು.

ಇನ್ನು ವಿದ್ಯಾರ್ಥಿಗಳಾದ ನಿಮ್ಮಿಂದ ಮಾತ್ರ ಆಗಬಹುದಾದ ಕೆಲಸವೊಂದಿದೆ. 1939-40ರಲ್ಲಿ ಸಲೀಂ ಅಲಿಯವರು ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅಷ್ಟು ದೊಡ್ಡ ನಾಡನ್ನು ಸುತ್ತುವ ಒಬ್ಬ ವಿದ್ವಾಂಸನಿಗೆ ಪ್ರತಿಯೊಂದು ಊರಿನ ಗುಡ್ಡದ ಬಳಿ ವರ್ಷಗಟ್ಟಲೆ ನಿಲ್ಲಲು ಸಾಧ್ಯವಿಲ್ಲ. ನೀವು ಅಲ್ಲಿಯೇ ಇದ್ದೀರಿ. ಈ ನಾಲ್ಕು ತಾಲ್ಲೂಕುಗಳ ಪ್ರತಿಯೊಂದು ಪ್ರೌಢಶಾಲೆಯೂ ತನ್ನ ಹತ್ತಿರದ ಒಂದು ಗುಡ್ಡವನ್ನು ಆರಿಸಿಕೊಳ್ಳಲಿ. ಮಿಡಿಗೇಶಿಯದಾಗಲಿ, ಚನ್ನರಾಯನದುರ್ಗದ್ದಾಗಲಿ, ಸಿದ್ಧರಬೆಟ್ಟವಾಗಲಿ, ನಿಡಗಲ್ಲಾಗಲಿ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಒಂದು ಗಂಟೆ ಅಲ್ಲಿ ನಡೆದು, ಕಂಡ ಹಕ್ಕಿ, ಅದರ ಸಂಖ್ಯೆ, ಅದು ತಿನ್ನುತ್ತಿದ್ದ ಗಿಡ, ದಿನಾಂಕ, ಹೊತ್ತು ಇವನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ಏನೂ ಕಾಣದ ದಿನ ‘ಇಲ್ಲ’ ಎಂದು ಬರೆಯಲು ಮರೆಯದಿರಿ. ಶೂನ್ಯವೂ ಒಂದು ಅಳತೆಯೇ. ಅಂತರಜಾಲದ ಇ-ಬರ್ಡ್‌ನಂಥ ದಾಖಲೆಗೂ ಅದನ್ನು ಸೇರಿಸಬಹುದು. ಹತ್ತು ವರ್ಷಗಳ ಇಂಥ ಪುಸ್ತಕವಿದ್ದ ಊರಿನಲ್ಲಿ, ಈ ಗುಡ್ಡದಲ್ಲಿ ಏನೂ ಇಲ್ಲವೆಂದು ಯಾವ ಕಚೇರಿಯೂ ಸುಲಭವಾಗಿ ಬರೆಯಲಾರದು. ನನ್ನಲ್ಲಿ ಅಂಥ ಪುಸ್ತಕವಿದ್ದಿದ್ದರೆ ಆ ಹುಡುಗನ ಮಾತಿಗೆ ಉತ್ತರವೂ ಇರುತ್ತಿತ್ತು.

ಆ ಹುಡುಗ ಈಗ ಕಾಲೇಜು ಮುಗಿಸಿ ಹೋಗಿದ್ದಾನೆ. ನಾವು ಸವರಿದ ಇಳಿಜಾರಿನಲ್ಲಿ ತಂಗಡಿಯೂ ಬಂದರಿಕೆಯೂ ಯಾರೂ ನೆಡದೆಯೇ ಮತ್ತೆ ಚಿಗುರಿ ಎದೆಯೆತ್ತರ ಬೆಳೆದಿವೆ. ಕಳೆದ ಚಳಿಗಾಲದಲ್ಲಿ ಅಲ್ಲಿ ನನಗೆ ಕಂಡದ್ದು ಮೂರು ಹಕ್ಕಿಗಳು, ಮೂರೂ ಕಂದು. ಅವು ಹೆಣ್ಣುಗಳೋ, ಇನ್ನೂ ಕೆಂಪು ತೊಡದ ಎಳೆಯ ಗಂಡುಗಳೋ ಹೇಳಲಾಗಲಿಲ್ಲ. ಪುಸ್ತಕದಲ್ಲಿ ಮೂರು ಎಂದು ಬರೆದುಕೊಂಡಿದ್ದೇನೆ. ಈ ಅಕ್ಟೋಬರಿನಿಂದ ಮತ್ತೆ ಎಣಿಸಬೇಕು.